1,300 ಫ್ರಾಂಕ್, ಆರು ರಾತ್ರಿ, ಒಂದು ಒಲೆ

ವಿಮಾನ ಮತ್ತು ರೈಲಿನ ಟಿಕೆಟ್ ಕೊಂಡ ಮೇಲೆ ಅಕ್ಕನ ಹತ್ತಿರ, ನನ್ನ ಹತ್ತಿರ ಸೇರಿ ಉಳಿದದ್ದು 1,300 ಸ್ವಿಸ್ ಫ್ರಾಂಕ್. ಸ್ವಿಟ್ಜರ್‌ಲೆಂಡಿನಲ್ಲಿ ಆರು ರಾತ್ರಿಯ ರೂಮು, ಇಬ್ಬರ ಊಟ ಎರಡೂ ಇದರಲ್ಲೇ ಆಗಬೇಕು. ಅಕ್ಕ ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು, ಅರ್ಧ ರೂಮಿಗೆ, ಅರ್ಧ ಊಟಕ್ಕೆ ಅಂತ ಬರೆದಳು.

ಆದರೆ 650 ಫ್ರಾಂಕ್ ಒಳಗೆ ನಮಗೆ ಸಿಕ್ಕ ಒಂದು ರೂಮಿನಲ್ಲೂ ಒಲೆ ಇರಲಿಲ್ಲ. ಅಲ್ಲಿ ಸಾಧಾರಣ ರೆಸ್ಟೋರೆಂಟಿನಲ್ಲೇ ಒಬ್ಬರ ಊಟಕ್ಕೆ 25 ಫ್ರಾಂಕ್ ಬೇಕು. ಇಬ್ಬರಿಗೆ ಎರಡು ಹೊತ್ತು ಅಂದರೆ ದಿನಕ್ಕೆ 100. ಆರು ದಿನಕ್ಕೆ 600. ಬೆಳಗಿನ ತಿಂಡಿಗೆ, ಕಾಫಿಗೆ ಏನುಳಿಯಿತು?

"ನೋಡೇ, ರೂಮಿಗೆ ಜಾಸ್ತಿ ಕೊಟ್ಟು ಒಲೆ ತಗೊಂಡ್ರೆ?" ಅಂದಳು ಅಕ್ಕ. ನಮ್ಮ ಪ್ರವಾಸವನ್ನು ಉಳಿಸಿದ್ದು ಆ ಮಾತೇ. ಗೆರೆ ಅಳಿಸಿದೆವು. ರೂಮಿಗೆ 1,010, ಊಟಕ್ಕೆ ಬರೀ 290.

ಮೊದಲ ಎರಡು ರಾತ್ರಿ ಬರ್ನ್ ನಗರದ ಹಾಸ್ಟೆಲಿನಲ್ಲಿ, 270 ಫ್ರಾಂಕ್. ಅಲ್ಲಿ ಒಲೆ ಇರಲಿಲ್ಲ, ಆದರೆ ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿತ್ತು. ತಂಗುವವರಿಗೆ ಕೊಡುವ ಬರ್ನ್ ಟಿಕೆಟ್‌ನಿಂದ ಊರೊಳಗಿನ ಬಸ್ಸು, ಟ್ರಾಮ್ ಕೂಡ ಉಚಿತ. ಬಾಡಿಗೆ ಹೋಲಿಸುವಾಗ ಇಂಥದ್ದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ನಾವು ಇಳಿದದ್ದು ಭಾನುವಾರ. ಆ ದಿನ ಅಂಗಡಿಗಳು ಮುಚ್ಚಿರುತ್ತವೆ ಅನ್ನುವುದು ನಮ್ಮ ತಲೆಗೇ ಬಂದಿರಲಿಲ್ಲ. ಹಸಿವು ಬೇರೆ. ಬೀದಿ ಬೀದಿ ಸುತ್ತಿ ಕೊನೆಗೆ ರೈಲು ನಿಲ್ದಾಣಕ್ಕೇ ವಾಪಸ್ ಬಂದೆವು. ಅಲ್ಲಿನ ಅಂಗಡಿಗಳು ಭಾನುವಾರವೂ ತೆರೆದಿರುತ್ತವೆ. ಬ್ರೆಡ್ಡು, ಚೀಸ್, ಟೊಮ್ಯಾಟೊ ಕೊಂಡು ರೋಸೆನ್‌ಗಾರ್ಟನ್ ಗುಡ್ಡ ಹತ್ತಿ ಕುಳಿತೆವು. ಕೆಳಗೆ ಆರೆ ನದಿ ಹಳೇ ಊರನ್ನು ಬಳಸಿಕೊಂಡು ಹೋಗುತ್ತಿತ್ತು. ಅಷ್ಟು ಚಂದದ ಜಾಗದಲ್ಲಿ ಕೂತು ತಿನ್ನೋಕೆ ಒಂದು ಪೈಸೆ ಕೊಡಬೇಕಿರಲಿಲ್ಲ.

ಇನ್ನು ನೀರು. ಬರ್ನ್‌ನಲ್ಲಿ ನೂರಕ್ಕೂ ಹೆಚ್ಚು ಕಾರಂಜಿಗಳಿವೆ. 'ಕೈನ್ ಟ್ರಿಂಕ್‌ವಾಸರ್' ಅಂದರೆ ಕುಡಿಯುವ ನೀರಲ್ಲ ಎಂಬ ಫಲಕ ಇಲ್ಲದಿದ್ದರೆ ಧೈರ್ಯವಾಗಿ ಬಾಟಲಿ ತುಂಬಿಸಿಕೊಳ್ಳಬಹುದು. ಆರು ದಿನದಲ್ಲಿ ನಾವು ಒಂದು ಬಾಟಲಿ ನೀರನ್ನೂ ಕೊಳ್ಳಲಿಲ್ಲ.

ಮುಂದಿನ ನಾಲ್ಕು ರಾತ್ರಿ ಲೌಟರ್‌ಬ್ರುನ್ನನ್ ಕಣಿವೆಯಲ್ಲಿ, ಅಡುಗೆಮನೆ ಇದ್ದ ಪುಟ್ಟ ಅಪಾರ್ಟ್‌ಮೆಂಟು. ರಾತ್ರಿಗೆ 155 ಅಂತ ನೋಡಿ ಬುಕ್ ಮಾಡಲು ಹೊರಟಿದ್ದೆ. ಅಕ್ಕ ತಡೆದು ಕೆಳಗಿನ ಸಣ್ಣ ಅಕ್ಷರ ಓದಿದಳು. ಸ್ವಚ್ಛತೆಗೆ 90, ಪ್ರವಾಸಿ ತೆರಿಗೆ ಸುಮಾರು 30. ಸ್ವಚ್ಛತೆಯ ಹಣ ಒಂದು ರಾತ್ರಿ ಇದ್ದರೂ ಅಷ್ಟೇ, ವಾರ ಇದ್ದರೂ ಅಷ್ಟೇ. ಅದಕ್ಕೇ ಎರಡು ಊರಲ್ಲಿ ಎರಡೆರಡು ರಾತ್ರಿ ಇರುವ ಯೋಚನೆ ಬಿಟ್ಟು, ನಾಲ್ಕೂ ರಾತ್ರಿ ಒಂದೇ ಕಡೆ ಉಳಿದೆವು.

ಅಡುಗೆಮನೆಯ ಬೀರುವಿನಲ್ಲಿ ಹಿಂದೆ ಇದ್ದವರು ಬಿಟ್ಟುಹೋದ ಉಪ್ಪು, ಎಣ್ಣೆ, ಅರ್ಧ ಪ್ಯಾಕೆಟ್ ಪಾಸ್ತಾ ಸಿಕ್ಕಿತು. ಯಾರೋ ಏನೋ, ಅವರಿಗೆ ಒಳ್ಳೆಯದಾಗಲಿ. ಕಿಟಕಿಯಿಂದ ಸ್ಟೌಬ್‌ಬಾಖ್ ಜಲಪಾತ ಕಾಣುತ್ತಿತ್ತು. ಸುಮಾರು 300 ಮೀಟರ್ ಎತ್ತರದಿಂದ ಬೀಳುವ ನೀರು ಅರ್ಧದಾರಿಯಲ್ಲೇ ಗಾಳಿಗೆ ಸಿಕ್ಕಿ ಹೊಗೆಯಂತೆ ಹರಡುತ್ತದೆ. ಒಲೆ ಮೇಲೆ ಪಾಸ್ತಾ ಬೇಯುವವರೆಗೂ ಅದನ್ನೇ ನೋಡುತ್ತಾ ನಿಂತಿರುತ್ತಿದ್ದೆ. ಯಾವ ರೆಸ್ಟೋರೆಂಟಿನ ಮೇಜೂ ನನಗೆ ಆ ಖುಷಿ ಕೊಡುತ್ತಿರಲಿಲ್ಲ.

ಸಾಮಾನನ್ನು ಸಂಜೆ ಹೊತ್ತು ಕೊಳ್ಳುತ್ತಿದ್ದೆವು. ಮುಚ್ಚುವ ಸಮಯ ಹತ್ತಿರ ಬಂದಂತೆ ಸೂಪರ್‌ಮಾರ್ಕೆಟ್ಟಿನವರು ಅವತ್ತೇ ಖರ್ಚಾಗಬೇಕಾದ ಬ್ರೆಡ್ಡು, ಸಲಾಡ್‌ಗಳಿಗೆ ಕಡಿಮೆ ಬೆಲೆಯ ಚೀಟಿ ಅಂಟಿಸುತ್ತಾರೆ. ಕೋ-ಆಪ್‌ನಲ್ಲಿ 'ಪ್ರಿ ಗರಂಟಿ', ಮಿಗ್ರೋಸ್‌ನಲ್ಲಿ 'ಎಂ-ಬಜೆಟ್' ಹೆಸರಿನ ಪ್ಯಾಕೆಟ್‌ಗಳು ಅಗ್ಗ. ಎರಡು ಹೊತ್ತಿನ ಅಡುಗೆಗೆ ಬೇಕಾದದ್ದೆಲ್ಲ 20 ಫ್ರಾಂಕ್‌ನಲ್ಲಿ ಬರುತ್ತಿತ್ತು.

ಒಂದು ದಿನ ಗ್ರೂಟ್ಶ್‌ಆಲ್ಪ್‌ವರೆಗೆ ಕೇಬಲ್ ಕಾರಿನಲ್ಲಿ ಹೋಗಿ, ಅಲ್ಲಿಂದ ಮ್ಯೂರನ್‌ಗೆ ನಡೆದೆವು. ದಾರಿಯುದ್ದಕ್ಕೂ ಎದುರಿಗೆ ಐಗರ್, ಮೋಂಖ್, ಯುಂಗ್‌ಫ್ರೌ ಶಿಖರಗಳು. ಮ್ಯೂರನ್‌ನಲ್ಲಿ ಕಾರುಗಳ ಓಡಾಟವಿಲ್ಲ. ಅಂಥ ಊರಿಗೆ ಸಾಮಾನು ಸಾಗಿಸುವುದೇ ದೊಡ್ಡ ಕೆಲಸ, ಊಟದ ಬೆಲೆ ಏರುವುದು ಸಹಜ. ಬೆಳಿಗ್ಗೆ ಕಟ್ಟಿಕೊಂಡ ಬುತ್ತಿಯನ್ನು ಬೆಂಚಿನ ಮೇಲೆ ಬಿಚ್ಚಿದೆವು. ಪಕ್ಕದ ಬೆಂಚಿನಲ್ಲಿದ್ದ ಅಲ್ಲಿನವರೇ ಒಂದು ಸಂಸಾರ ಕೂಡ ಡಬ್ಬಿ ತೆರೆದು ತಿನ್ನುತ್ತಿತ್ತು.

ಕೊನೆಯ ಬೆಳಿಗ್ಗೆ ಅಕ್ಕ ಲೆಕ್ಕ ಕೂಡಿದಳು. 48 ಫ್ರಾಂಕ್ ಉಳಿದಿತ್ತು. ಇಂಟರ್‌ಲಾಕನ್‌ನಲ್ಲಿ ಇಳಿದು ರೆಸ್ಟೋರೆಂಟ್ ಹುಡುಕಿದೆವು. ಮಧ್ಯಾಹ್ನದ 'ಟಾಗೆಸ್‌ಮೆನ್ಯೂ', ಅಂದರೆ ಆ ದಿನದ ಊಟ, ರಾತ್ರಿಯ ಊಟಕ್ಕಿಂತ ಅಗ್ಗ. ಒಬ್ಬರಿಗೆ 21. ಬಿಸಿಬಿಸಿ ಸೂಪು ಬಂತು. ಆರು ದಿನದಲ್ಲಿ ಮೊದಲ ಸಲ ಬೇರೆಯವರು ಬಡಿಸಿದ ಊಟ. ಅಕ್ಕ ನೋಟ್‌ಬುಕ್ ಮುಚ್ಚಿ ಚೀಲದೊಳಗೆ ಇಟ್ಟಳು. ಇಬ್ಬರೂ ಮಾತಾಡದೆ, ನಿಧಾನವಾಗಿ ತಿಂದೆವು.