ಯುದ್ಧ-ನಾಯಕ-ಪುಸ್ತಕ ಟೈಮ್‌ಲೈನ್ ಬೋರ್ಡ್: 1812ರ ದಾರ ಕೊನೆಗೂ ಬಿಗಿ ಆಯ್ತು

ಆಯ್ತು ಕಣ್ರೀ! ಯುದ್ಧ, ನಾಯಕ, ಪುಸ್ತಕಗಳನ್ನ ಪಿನ್ನು-ದಾರದಲ್ಲಿ ಜೋಡಿಸ್ತಿರೋ ನನ್ನ ಬೋರ್ಡಲ್ಲಿ ಟಾಲ್‌ಸ್ಟಾಯ್ ಪಿನ್ನಿನ ದಾರ ಯಾವ ಯುದ್ಧಕ್ಕೆ ಕಟ್ಬೇಕು ಅನ್ನೋದಕ್ಕೆ ಉತ್ತರ ಸಿಕ್ತು. ಅದರ ದೆಸೆಯಿಂದ ಪುಸ್ತಕದ ಸಾಲು ಪೂರ್ತಿ ಬಿಚ್ಚಿ ಮತ್ತೆ ಕಟ್ಬೇಕಾಯ್ತು, ಆದ್ರೂ ಖುಷಿಯಾಗೇ ಇದೀನಿ.

ಹೊಸದಾಗಿ ಓದ್ತಿರೋರಿಗೆ ಮಾತ್ರ ಚುಟುಕಾಗಿ: ಕ್ರಿ.ಪೂ. 500ರಿಂದ ಈಚೆಗೆ ಎಡದಿಂದ ಬಲಕ್ಕೆ ಕಾಲ ಓಡುತ್ತೆ, ಮೇಲಿನ ಸಾಲು ದೇಶಗಳು, ಮಧ್ಯದ್ದು ನಾಯಕರು, ಕೆಳಗಡೆ ಪುಸ್ತಕಗಳು, ಮೂರನ್ನೂ ಸೀಳ್ಕೊಂಡು ಹೋಗೋ ಬೂದು ಪಟ್ಟಿಗಳು ಯುದ್ಧಗಳು. 1800ರ ತನಕ ವರ್ಷಕ್ಕೆ 1 ಮಿ.ಮೀ., ಅಲ್ಲಿಂದಾಚೆ ವರ್ಷಕ್ಕೆ 1 ಸೆಂ.ಮೀ. ಬೋರ್ಡ್ ಜೋಡ್ಸೋದು, ಗ್ರಿಡ್ ಎಳೆಯೋದು, ಲೇಬಲ್ ಅಂಟ್ಸೋದು ಎಲ್ಲಾ ನಿಮಗೆ ಗೊತ್ತಿರೋದೇ, ಬಿಟ್ಬಿಡ್ತೀನಿ.

ದೇಶಗಳ ಸಾಲು ಅಷ್ಟೇನೂ ಸತಾಯಿಸಲಿಲ್ಲ. ಯುದ್ಧದ ಪಟ್ಟಿಯಿಂದ ದೇಶಕ್ಕೆ ನೇರ ದಾರ ಇಲ್ಲ, ಮಧ್ಯೆ ಒಪ್ಪಂದದ ಪಿನ್ ಸುತ್ಕೊಂಡೇ ಹೋಗ್ಬೇಕು, ಇಷ್ಟೇ ನಿಯಮ. 1648ರ ಪಿನ್ ಸುತ್ಕೊಂಡು ಹೋದ ದಾರ ಸ್ಪೇನಿನಿಂದ ಬಿಡುಗಡೆ ಆದ ಡಚ್ಚರಿಗೆ ಹೋಗುತ್ತೆ, ಹೀಗೆ. ಅದರಲ್ಲಿ ನಂಗೆ ತುಂಬಾ ಇಷ್ಟವಾಗಿರೋ ಜಾಗ ವರ್ಸೇಲ್ಸ್: 1871ರ ಜನವರಿ 18ಕ್ಕೆ ಅಲ್ಲಿನ ಕನ್ನಡಿ ಹಾಲ್‌ನಲ್ಲಿ ಜರ್ಮನ್ ಸಾಮ್ರಾಜ್ಯ ಘೋಷಣೆ ಆಯ್ತು, 1919ರ ಜೂನ್ 28ಕ್ಕೆ ಅದೇ ಹಾಲ್‌ನಲ್ಲಿ ಕೂತು ಜರ್ಮನಿ ಸೋಲಿನ ಒಪ್ಪಂದಕ್ಕೆ ಸಹಿ ಹಾಕ್ತು. ಬೋರ್ಡಲ್ಲಿ ಎರಡಕ್ಕೂ 48 ಸೆಂ.ಮೀ. ಅಂತರ, ಜಾಗ ಒಂದೇ ಅಂತ ತೋರ್ಸೋಕೆ ತೆಳ್ಳಗೆ ಜರಿ ದಾರ ಎಳೆದಿದೀನಿ.

ಈಗ ತಲೆನೋವಿನ ವಿಷಯಕ್ಕೆ ಬರ್ತೀನಿ.

'ಯುದ್ಧ ಮತ್ತು ಶಾಂತಿ' ನೆಪೋಲಿಯನ್ ರಷ್ಯಾಗೆ ನುಗ್ಗಿದ 1812ರ ಕಥೆ, ಹಾಗಾಗಿ ದಾರ 1812ರ ಪಟ್ಟಿಗೆ ಅಂತ ಯಾರಾದ್ರೂ ಕಣ್ಣುಮುಚ್ಕೊಂಡು ಹೇಳ್ತಾರೆ. ಆದ್ರೆ ಟಾಲ್‌ಸ್ಟಾಯ್ ಹುಟ್ಟಿದ್ದೇ 1828ರಲ್ಲಿ. ಕಾದಂಬರಿ ಪತ್ರಿಕೇಲಿ ಬರೋಕೆ ಶುರುವಾಗಿದ್ದು 1865ರಲ್ಲಿ, ಪೂರ್ತಿ ಆಗಿದ್ದು 1869ರಲ್ಲಿ. ಅಂದ್ರೆ 57 ಸೆಂ.ಮೀ. ದಾರ, ಮಧ್ಯೆ ಎಲ್ಲೂ ಆಧಾರ ಇಲ್ಲ, ಎಷ್ಟು ಬಿಗಿದ್ರೂ ಒಂದೆರಡು ದಿನಕ್ಕೆ ಜೋತು ಬಿದ್ದು 1853-56ರ ಕ್ರಿಮಿಯನ್ ಯುದ್ಧದ ಪಿನ್ನುಗಳಿಗೆ ಸಿಕ್ಕಾಕೊಳ್ತಿತ್ತು. ಮಧ್ಯೆ ಆಸರೆ ಪಿನ್ ಕೊಟ್ಟೆ, ನಿಂತ್ಕೊಳ್ತು, ಆದ್ರೆ ಸಮಾಧಾನ ಆಗ್ಲಿಲ್ಲ, ಯಾಕಂದ್ರೆ ಅದು ಸಿಕ್ಕಾಕೊಳ್ತಿದ್ದ ಜಾಗವೇ ಸರಿಯಾದ ಜಾಗ ಅಂತ ಅನ್ನಿಸ್ತಾ ಇತ್ತು!

ನೋಡಿ, ಟಾಲ್‌ಸ್ಟಾಯ್ 1854-55ರಲ್ಲಿ ಅದೇ ಕ್ರಿಮಿಯನ್ ಯುದ್ಧದ ಸೆವಾಸ್ಟೊಪೋಲ್ ಮುತ್ತಿಗೆಯ ಒಳಗಡೆ ಫಿರಂಗಿ ದಳದ ಅಧಿಕಾರಿ. ಗುಂಡು ಬೀಳೋ ಕಡೆ ಮನುಷ್ಯ ಏನು ಯೋಚಿಸ್ತಾನೆ, ಮೇಲಿಂದ ಬಂದ ಆರ್ಡರ್ ಕೆಳಗೆ ಬರೋ ಹೊತ್ತಿಗೆ ಏನಾಗಿರುತ್ತೆ, ಇದೆಲ್ಲಾ ಅವನು ಕಣ್ಣಾರೆ ಕಂಡಿದ್ದು ಅಲ್ಲಿ. ಅಷ್ಟೇ ಅಲ್ಲ, ಅವನು ಮೊದಲು ಬರೆಯೋಕೆ ಹೊರಟಿದ್ದು 1812ರ ಬಗ್ಗೆ ಅಲ್ಲವೇ ಅಲ್ಲ. ಕ್ರಿಮಿಯನ್ ಯುದ್ಧ ಸೋತ ಮೇಲೆ 1856ರಲ್ಲಿ ಸೈಬೀರಿಯಾದಿಂದ ವಾಪಸ್ ಬರೋ ಒಬ್ಬ ಡಿಸೆಂಬ್ರಿಸ್ಟ್ (1825ರಲ್ಲಿ ತ್ಸಾರ್ ವಿರುದ್ಧ ದಂಗೆ ಎದ್ದೋರಲ್ಲಿ ಒಬ್ಬ) ಕಥೆ ಅದು. ಅವನು ಯಾಕೆ ಗಡಿಪಾರಾದ ಅಂತ ಹೇಳೋಕೆ 1825ರ ದಂಗೆಗೆ ಹೋಗ್ಬೇಕು, ದಂಗೆ ಎದ್ದ ಅಧಿಕಾರಿಗಳಲ್ಲಿ ಎಷ್ಟೋ ಜನ ನೆಪೋಲಿಯನ್ ವಿರುದ್ಧ ಹೋರಾಡಿ ಪ್ಯಾರಿಸ್ ತನಕ ಹೋಗಿ ಬಂದೋರು, ಹಾಗಾಗಿ 1812ಕ್ಕೆ ಹೋಗ್ಬೇಕು, ಬರೀ ಗೆಲುವಿನ ಕಥೆ ಹೇಳೋದು ಬೇಡ ಅಂತ ಅದಕ್ಕೂ ಹಿಂದಕ್ಕೆ, ರಷ್ಯಾ ಸೋತ 1805ಕ್ಕೆ. ಪುಸ್ತಕ ಹಿಂದೆ ಹಿಂದೆ ನಡ್ಕೊಂಡು ಹೋಗಿದೆ! ಒಂದೇ ದಾರದಲ್ಲಿ ಇದನ್ನ ಹೇಗೆ ತೋರ್ಸೋದು?

ಉತ್ತರ ಎರಡು ದಾರ. ಕೆಂಪು: ಪುಸ್ತಕ ಯಾವ ಯುದ್ಧದ ಬಗ್ಗೆ. ನೀಲಿ: ಬರೆದೋರು ಯಾವ ಯುದ್ಧ ಕಂಡಿದ್ರು. ಟಾಲ್‌ಸ್ಟಾಯ್ ಪಿನ್ನಿಂದ ಕೆಂಪು 1812ಕ್ಕೆ, ನೀಲಿ ಸೆವಾಸ್ಟೊಪೋಲ್‌ಗೆ, ಅಲ್ಲಿಂದ ಇನ್ನೊಂದು ತುಂಡು 1825 ಮುಟ್ಕೊಂಡು 1812ಕ್ಕೆ. ಮೂರೂ ಸೇರಿ ಒಂದಕ್ಕೊಂದು ಎಳ್ಕೊಂಡು ನಿಲ್ಲುತ್ತೆ, ಆಸರೆ ಪಿನ್ ಕಿತ್ತು ಹಾಕಿದೆ, ಒಂಚೂರೂ ಜೋತಿಲ್ಲ.

ಆಮೇಲೆ ಎಲ್ಲಾ ಪುಸ್ತಕಕ್ಕೂ ಈ ಎರಡು ದಾರ ಕಟ್ಟೋಕೆ ಕೂತೆ ನೋಡಿ, ಆಗ ಕೆಂಪು ದಾರ ಖಾಲಿ. ಅದೇ ಶೇಡ್ ನಂಬರ್ ಹಾಕಿ ತರಿಸಿದ್ರೆ ಬಂದಿದ್ದು ಇಟ್ಟಿಗೆ ಬಣ್ಣ. ಕೇಳಿದ್ರೆ ಬ್ಯಾಚ್ ಬೇರೆ, ಸ್ವಲ್ಪ ವ್ಯತ್ಯಾಸ ಇರುತ್ತೆ ಅಂತಾರೆ. ಕಸೂತಿಗೆ ಇರಬಹುದು ಸ್ವಾಮಿ, ಇಲ್ಲಿ ಬಣ್ಣಕ್ಕೇ ಅರ್ಥ ಇದೆ! ಅದರ ಜೊತೆ ಕಳಿಸಿರೋ ಪಿನ್ನುಗಳೂ ಗಿಡ್ಡ, ಎರಡು ದಾರ ಸುತ್ತಿದ್ರೆ ತಲೆಯಿಂದ ಜಾರ್ತಾವೆ. ಬದಲಾಯಿಸಿ ಕೊಡಿ ಅಂತ ಬರೆದಿದೀನಿ, ಇನ್ನೂ ಉತ್ತರ ಇಲ್ಲ. ನಿಮಗೊಂದು ಸಲಹೆ, ಅರ್ಥ ಇರೋ ಬಣ್ಣ ಮೊದಲೇ ಒಂದೇ ಬ್ಯಾಚ್‌ನಲ್ಲಿ ಜಾಸ್ತಿ ತಗೊಳ್ಳಿ.

ಆದ್ರೆ ಕಟ್ಟಿದಷ್ಟರಲ್ಲೇ ಎಷ್ಟು ಚೆನ್ನಾಗಿ ಕಾಣ್ತಿದೆ ಗೊತ್ತಾ. ಜರ್ಮನ್ ಲೇಖಕ ರಿಮಾರ್ಕ್‌ನ 'ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್'ಗೆ ಕೆಂಪು ನೀಲಿ ಎರಡೂ ಮೊದಲ ಮಹಾಯುದ್ಧದ ಪಟ್ಟಿಗೇ, 1918ರಿಂದ 1929ಕ್ಕೆ 11 ಸೆಂ.ಮೀ. ಅದೇ ಯುದ್ಧದಲ್ಲಿ ಅದೇ ಸೈನ್ಯದಲ್ಲಿದ್ದ ಯುಂಗರ್ ಕಂದಕದಲ್ಲಿ ಬರೆದ ಡೈರಿಯನ್ನೇ ಪುಸ್ತಕ ಮಾಡಿ 1920ರಲ್ಲೇ ತಂದ, ಅವನದ್ದು ಬರೀ 2 ಸೆಂ.ಮೀ. ಒಂದೇ ಕಡೆಯಿಂದ ಹೊರಟು, ಯುಂಗರ್ ಪುಸ್ತಕ ಯುದ್ಧದಲ್ಲಿ ಪುರುಷಾರ್ಥ ಕಾಣುತ್ತೆ, ರಿಮಾರ್ಕ್ ಪುಸ್ತಕ ಒಂದು ತಲೆಮಾರೇ ಹಾಳಾಯ್ತು ಅನ್ನುತ್ತೆ. ಈ 9 ಸೆಂ.ಮೀ. ವ್ಯತ್ಯಾಸದಲ್ಲಿ ತುಂಬಾ ವಿಷಯ ಇದೆ ಅಂತ ನನ್ನ ಅಭಿಪ್ರಾಯ.

ಸ್ಟೀಫನ್ ಕ್ರೇನ್‌ದು ಇನ್ನೂ ವಿಚಿತ್ರ. ಅಮೆರಿಕದ ಅಂತರ್ಯುದ್ಧ ಮುಗಿದಿದ್ದು 1865, ಅವನು ಹುಟ್ಟಿದ್ದು 1871, ಆ ಯುದ್ಧದ ಬಗ್ಗೆ ಅವನು ಬರೆದ 'ದ ರೆಡ್ ಬ್ಯಾಜ್ ಆಫ್ ಕರೇಜ್' ಬಂದಿದ್ದು 1895. ಬರೆಯೋ ಹೊತ್ತಿಗೆ ಕೆಂಪು ಇದೆ, ನೀಲಿ ಇಲ್ಲ. 1897ರಲ್ಲಿ ಗ್ರೀಕ್-ತುರ್ಕಿ ಯುದ್ಧಕ್ಕೆ ವರದಿಗಾರನಾಗಿ ಹೋದ, ಹಾಗಾಗಿ ಅವನ ನೀಲಿ ದಾರ ಪುಸ್ತಕದ ಬಲಗಡೆಗೆ ಓಡುತ್ತೆ. ಇಡೀ ಬೋರ್ಡಲ್ಲಿ ಹಾಗೆ ಇರೋದು ಸದ್ಯಕ್ಕೆ ಅದೊಂದೇ.

ಎಡತುದೀಲಿ ಗ್ರೀಕ್ ನಾಟಕಕಾರ ಈಸ್ಕಿಲಸ್. ಬಿ.ಎಂ.ಶ್ರೀ ಕನ್ನಡಕ್ಕೆ ತಂದ 'ಪಾರಸಿಕರು' ಇದೆಯಲ್ಲ, ಅದರ ಮೂಲ. ಗ್ರೀಕರು ಪರ್ಷಿಯನ್ನರನ್ನ ಸೋಲಿಸಿದ ಸಲಾಮಿಸ್ ಕದನ ಕ್ರಿ.ಪೂ. 480, ನಾಟಕ 472, ಹಳೇ ಸ್ಕೇಲಲ್ಲಿ ಬರೀ 8 ಮಿ.ಮೀ. ಚಿಮಟ ಹಿಡ್ಕೊಂಡು ಕಟ್ಟಿದೀನಿ. ಇಲ್ಲೇ ಮೂರನೇ ಬಣ್ಣ ಹುಟ್ಟಿದ್ದು, ಯಾಕಂದ್ರೆ ಆ ನಾಟಕದ ಖರ್ಚು ಹೊತ್ತಿದ್ದು ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಪೆರಿಕ್ಲಿಸ್! ಮುಂದೆ 431ರಲ್ಲಿ ಅಥೆನ್ಸನ್ನ ಸ್ಪಾರ್ಟಾ ಜೊತೆಗಿನ ಯುದ್ಧಕ್ಕೆ ಕರ್ಕೊಂಡು ಹೋದೋನೂ ಅವನೇ. ಸೋತ ಶತ್ರುವಿನ ಗೋಳನ್ನ ವೇದಿಕೆಗೆ ತಂದ ನಾಟಕಕ್ಕೆ ದುಡ್ಡು ಹಾಕಿದ ಕೈ ಅದು. ನಾಯಕರ ಸಾಲಿಂದ ಪುಸ್ತಕಕ್ಕೆ ಇಳಿಯೋ ಹಸಿರು ದಾರ ಅಂತ ಮಾಡಿದೆ. 1933ರಲ್ಲಿ ನಾಜಿಗಳ ಕಾಲದಲ್ಲಿ ರಿಮಾರ್ಕ್ ಪುಸ್ತಕ ಸುಟ್ರಲ್ಲ, ಅದಕ್ಕೂ ಹಸಿರೇ, ಆದ್ರೆ ಗಂಟು ಗಂಟು ಹಾಕಿ.

ಮೂರೂ ಬಣ್ಣ ಸಿಕ್ಕಿದ ಮೇಲೆ ಪಂಪನನ್ನ ಬಿಡೋಕಾಗುತ್ತಾ. 'ವಿಕ್ರಮಾರ್ಜುನ ವಿಜಯ' ಕ್ರಿ.ಶ. 941. ಕೆಂಪು ಕುರುಕ್ಷೇತ್ರಕ್ಕೆ, ನೀಲಿ ಅವನೇ ಖಡ್ಗ ಹಿಡಿದ ರಣರಂಗಗಳಿಗೆ, ಹಸಿರು ಅರ್ಜುನನ ಜೊತೆ ಸಮೀಕರಿಸಿ ಹೊಗಳಿಸಿಕೊಂಡ ದೊರೆ ಅರಿಕೇಸರಿಗೆ. ಕುರುಕ್ಷೇತ್ರಕ್ಕೆ ಇಸವಿ ಇಲ್ಲ, ಅದಕ್ಕೆ ಆ ಪಿನ್ನನ್ನ ಬೋರ್ಡಿನ ಎಡ ಚೌಕಟ್ಟಿನ ಹೊರಗೆ ಹೊಡೆದಿದೀನಿ. ರನ್ನನೂ ಅಲ್ಲಿಗೇ ಬರ್ತಾನೆ, 'ಗದಾಯುದ್ಧ'ದಲ್ಲಿ ತನ್ನ ದೊರೆ ಸತ್ಯಾಶ್ರಯನನ್ನ ಭೀಮ ಮಾಡಿರೋನು.

ಚರ್ಚಿಲ್ ಇನ್ನೂ ಬಾಕಿ. ನಾಯಕರ ಸಾಲಲ್ಲಿ 1915ರ ಗಲಿಪೊಲಿ ಸೋಲಿಂದ ಕೆಳಗೆ, 1940ಕ್ಕೆ ಪ್ರಧಾನಿಯಾಗಿ ಮೇಲೆ, 1945ರ ಚುನಾವಣೇಲಿ ಮತ್ತೆ ಕೆಳಗೆ, 1953ಕ್ಕೆ ಸಾಹಿತ್ಯದ ನೊಬೆಲ್ ಅಂತ ಪುಸ್ತಕದ ಸಾಲಿಗೇ ಇಳೀತಾನೆ. ಗಿಡ್ಡ ಪಿನ್ನಿಗೆ ಅಷ್ಟೆಲ್ಲಾ ಆಗಲ್ಲ, ಕಾಯ್ತೀನಿ.

ಅಷ್ಟರಲ್ಲಿ ಮುಂದಿನ ಪ್ರಾಜೆಕ್ಟ್ ತಲೆಗೆ ಬಂದಿದೆ. 1869ರಲ್ಲಿ ಟಾಲ್‌ಸ್ಟಾಯ್ ಲೇಬಲ್ ಇನ್ನೊಂದು ಲೇಬಲ್‌ಗೆ ತಾಗ್ತಾ ಇತ್ತು, ನೋಡಿದ್ರೆ ಫ್ರೆಂಚ್ ಎಂಜಿನಿಯರ್ ಮಿನಾರ್! ನೆಪೋಲಿಯನ್ ಸೈನ್ಯ ಹೋಗ್ತಾ 4,22,000, ವಾಪಸ್ ಬರ್ತಾ 10,000 ಅಂತ ತೋರಿಸೋ ಆ ನಕ್ಷೆಯೂ 1869ರದ್ದೇ. 1812ರ ಬಗ್ಗೆ ಒಬ್ಬ ಕಾದಂಬರಿ ಮುಗಿಸಿದ ವರ್ಷವೇ ಇನ್ನೊಬ್ಬ ಅದನ್ನ ಒಂದು ಹಾಳೇಲಿ ಬರೆದಿದಾನೆ, ಅದೂ 88ನೇ ವಯಸ್ಸಲ್ಲಿ. ಮರುವರ್ಷ ಪ್ರಶ್ಯನ್ ಸೈನ್ಯ ಬರ್ತಿದೆ ಅಂತ ಪ್ಯಾರಿಸ್ ಬಿಟ್ಟು ಬೋರ್ಡೋ ನಗರಕ್ಕೆ ಹೋಗಿ ಅಲ್ಲೇ ತೀರ್ಕೊಂಡ, ನನ್ನ 1871ರ ವರ್ಸೇಲ್ಸ್ ಪಿನ್ನಿಗೆ ಕಾರಣವಾದ ಅದೇ ಯುದ್ಧ.

ಆ ನಕ್ಷೆನ ದಾರದಲ್ಲಿ ಮಾಡ್ಬೇಕು. ಮಿನಾರ್ ಲೆಕ್ಕ 10,000 ಜನಕ್ಕೆ 1 ಮಿ.ಮೀ. ಅಗಲದ ಪಟ್ಟಿ, ಆದ್ರೆ ದಾರದಲ್ಲಿ ಅದು ಸಾಲಲ್ಲ, ವಾಪಸ್ ದಾರೀಲಿ ಮುಖ್ಯ ಸಾಲು 4,000ಕ್ಕೆ ಇಳಿಯೋ ಜಾಗ ಇದೆ. ಕಸೂತಿ ದಾರದ ಆರು ಎಳೆ ಬಿಡಿಸಿ ಒಂದು ಎಳೆಗೆ 1,000 ಜನ ಅಂತ ಇಟ್ಕೊಂಡ್ರೆ ಸರಿಹೋಗುತ್ತೆ, ನಿಯೆಮನ್ ನದಿ ಹತ್ರ 422 ಎಳೆ, ಮಾಸ್ಕೋದಲ್ಲಿ 100, ಬೆರೆಜಿನಾ ನದಿ ದಾಟೋಕೆ ಮುಂಚೆ 50, ದಾಟಿದ ಮೇಲೆ 28. 422 ಎಳೆ ಪಿನ್ನಿಗೆ ನಿಲ್ಲಲ್ಲ, ಎಡ ಅಂಚಿಗೆ ಬಾಚಣಿಗೆ ತರ ಹಲ್ಲಿರೋ ಪಟ್ಟಿ ಬೇಕು. ಸ್ಟ್ರಿಂಗ್ ಆರ್ಟ್‌ನಲ್ಲಿ ಯಾರಾದ್ರೂ ಇಷ್ಟು ಎಳೆ ಒಟ್ಟಿಗೆ ಬಿಗಿದಿದ್ರೆ ಹಲ್ಲಿನ ಅಂತರ ಎಷ್ಟು ಇಟ್ರಿ, ಮರ ಸಾಕಾ ಅಕ್ರಿಲಿಕ್ಕೇ ಬೇಕಾ ಹೇಳಿ.