ಮಾಟುಂಗಾದಿಂದ ನ್ಯೂಯಾರ್ಕಿಗೆ: ಹಡಗಿನಲ್ಲಿ ಏಳು ರಾತ್ರಿ, ಒಬ್ಬಳೇ

ಹೋಗಿ ಬಂದ ಮೇಲೆ ಮುಂಬಯಿಯ ಮಾಟುಂಗಾ ಮಾರುಕಟ್ಟೆಯಲ್ಲಿ, ಮೈಸೂರು ಅಸೋಸಿಯೇಶನ್ನಿನ ಮೆಟ್ಟಿಲ ಮೇಲೆ, ನಮ್ಮ ಕಟ್ಟಡದ ಲಿಫ್ಟಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಒಬ್ಬರೇ ಹೋಗಿದ್ದಿರಾ? ಬೇಸರ ಬರಲಿಲ್ಲವೇ?" ಎರಡನೆಯದು ಖರ್ಚಿನದು. ವೀಸಾದ ಬಗ್ಗೆ ಯಾರೂ ಕೇಳಲಿಲ್ಲ. ಆದರೆ ನನ್ನನ್ನು ಹೆಚ್ಚು ದಣಿಸಿದ್ದು ಅದೇ. ಒಂಟಿಯಾಗಿ ಹೊರಡುವ ಯೋಚನೆಯಲ್ಲಿರುವ ಇಬ್ಬರು ಗೆಳತಿಯರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಬಲ್ಲಾರ್ಡ್ ಎಸ್ಟೇಟಿನ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ನಾನು ಹಡಗಿನ ಸರಕಿನ ಕಾಗದಪತ್ರ ನೋಡಿಕೊಂಡವಳು. ಕಿಟಕಿಯಿಂದ ಕ್ರೇನುಗಳ ತುದಿ ಕಾಣುತ್ತಿತ್ತು. ಊರು ಕುಮಟೆ, ಆದ್ದರಿಂದ ಸಮುದ್ರ ಹೊಸದಲ್ಲ. ಆದರೂ ದಡ ಕಾಣದಷ್ಟು ದೂರ ನಾನು ಎಂದೂ ಹೋಗಿರಲಿಲ್ಲ. ನಿವೃತ್ತಿಯ ಹಣ ಕೈಗೆ ಬಂದಾಗ ಮೊದಲು ಮನಸ್ಸಿಗೆ ಬಂದ ಆಸೆ ಇದು. ಕಳೆದ ಜೂನ್‌ನಲ್ಲಿ ವಿಮಾನದಲ್ಲಿ ಲಂಡನ್ ತಲುಪಿ, ಸೌತಾಂಪ್ಟನ್‌ನಲ್ಲಿ 'ಕ್ವೀನ್ ಮೇರಿ 2' ಹಡಗು ಹತ್ತಿ ನ್ಯೂಯಾರ್ಕಿನಲ್ಲಿ ಇಳಿದೆ.

ಅಟ್ಲಾಂಟಿಕ್ ದಾಟಲು ಎರಡು ದಾರಿಗಳಿವೆ. ಯುರೋಪಿನಲ್ಲಿ ಬೇಸಿಗೆ ಕಳೆದ ವಿಹಾರದ ಹಡಗುಗಳು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಫ್ಲೋರಿಡಾ, ಕೆರಿಬಿಯನ್ ಕಡೆಗೆ ಹೋಗುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ವಾಪಸು ಬರುತ್ತವೆ. ಹಡಗು ಹೇಗೂ ಹೋಗಲೇಬೇಕಾದ ಕಾರಣ ಟಿಕೆಟ್ ಅಗ್ಗ. ಹನ್ನೆರಡರಿಂದ ಹದಿನೈದು ದಿನ ಹಿಡಿಯುತ್ತದೆ, ದಾರಿಯಲ್ಲಿ ಮಡೈರಾ, ಅಝೋರ್ಸ್ ಅಥವಾ ಟೆನೆರಿಫ್‌ನಂತಹ ದ್ವೀಪದಲ್ಲಿ ನಿಲ್ಲುವುದೂ ಉಂಟು. ಬಾರ್ಸಿಲೋನಾ, ಲಿಸ್ಬನ್‌ನಂತಹ ಬಂದರುಗಳಿಂದ ಹೊರಡುವುದಾದರೆ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ ಬೇಕು. ಇನ್ನೊಂದು ದಾರಿ ನಾನು ಹಿಡಿದದ್ದು: ನಡುವೆ ಎಲ್ಲಿಯೂ ನಿಲ್ಲದೆ ಏಳು ರಾತ್ರಿಯಲ್ಲಿ ನೇರವಾಗಿ ದಾಟುವುದು. 2004ರಲ್ಲಿ ಸಂಚಾರ ಆರಂಭಿಸಿದ, 345 ಮೀಟರ್ ಉದ್ದದ ಈ ಹಡಗನ್ನು ಉತ್ತರ ಅಟ್ಲಾಂಟಿಕ್‌ನ ಅಲೆಗಳಿಗೆಂದೇ ಕಟ್ಟಲಾಗಿದೆ. ಒಡಲಿನ ಉಕ್ಕು ದಪ್ಪ, ವೇಗ ಹೆಚ್ಚು. ಮೊದಲ ಸಲ ಒಂಟಿಯಾಗಿ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಏಳು ರಾತ್ರಿ ತಾಳಿಕೊಳ್ಳಬಹುದು. ಹದಿನೈದು ದಿನ ನಿಮ್ಮ ಸ್ವಭಾವಕ್ಕೆ ಒಗ್ಗುತ್ತದೆಯೇ ಎಂಬುದು ಆಮೇಲೆ ತಿಳಿಯುತ್ತದೆ.

ಇನ್ನು ಹಣದ ಮಾತು. ಜಾಹೀರಾತಿನಲ್ಲಿ ಕಾಣುವ ದರ "ಇಬ್ಬರು ಒಂದು ಕೋಣೆ ಹಂಚಿಕೊಂಡರೆ ತಲಾ ಇಷ್ಟು" ಎಂಬ ಲೆಕ್ಕದ್ದು. ಒಬ್ಬರೇ ಹೋದರೆ ಖಾಲಿ ಹಾಸಿಗೆಯ ಹಣವನ್ನೂ ಬಹುಪಾಲು ನೀವೇ ಕಟ್ಟಬೇಕು, ಕೆಲವೊಮ್ಮೆ ಪೂರ್ತಿ ಎರಡು ಪಟ್ಟು. ನಾನು ಮೊದಲು ವಿಚಾರಿಸಿದ ಏಜೆಂಟ್ ಇದನ್ನು ಹೇಳದೆ ಮುಂಗಡ ಕೇಳಿದ್ದ. ಬಿಲ್ಲಿನ ಕೊನೆಯ ಸಾಲು ಓದುವ ಅಭ್ಯಾಸ ಮೂವತ್ತೊಂದು ವರ್ಷದ್ದಾದ್ದರಿಂದ ಮೋಸ ಹೋಗದೆ ಉಳಿದುಕೊಂಡೆ. "ಒಬ್ಬಳಿಗೆ, ತೆರಿಗೆ ಮತ್ತು ಬಂದರು ಶುಲ್ಕ ಸೇರಿ, ಕೊನೆಯ ಮೊತ್ತ ಎಷ್ಟು?" ಎಂದು ಬರಹದಲ್ಲಿ ಕೇಳಿ. ಇದಲ್ಲದೆ ಹಡಗಿನವರ ಸೇವಾಶುಲ್ಕ ದಿನಕ್ಕೆ ಇಷ್ಟು ಎಂದು ತಾನಾಗಿಯೇ ನಿಮ್ಮ ಖಾತೆಗೆ ಸೇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಲ್ಲಿನ ಏಜೆಂಟರ ಮೂಲಕ ಪ್ಯಾಕೇಜ್ ಕೊಂಡರೆ ಮೂಲದಲ್ಲೇ ತೆರಿಗೆ ವಸೂಲಾಗುತ್ತದೆ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ರಸೀದಿ ಜೋಪಾನ. ಒಬ್ಬರಿಗೆಂದೇ ಇರುವ ಕೋಣೆಗಳು ಈ ಹಡಗಿನಲ್ಲಿವೆ. 2016ರ ನವೀಕರಣದಲ್ಲಿ ಹದಿನೈದನ್ನು ಸೇರಿಸಿದರು. ಹದಿನೈದೇ ಆದ್ದರಿಂದ ಬೇಗ ಮುಗಿದುಹೋಗುತ್ತವೆ, ನನಗೆ ಸಿಗಲಿಲ್ಲ. ಕಿಟಕಿಯಿಲ್ಲದ ಒಳಕೋಣೆ ತೆಗೆದುಕೊಂಡೆ. ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗಿನ ಅಂತಸ್ತಿನಲ್ಲಿ ಕೇಳಿ ಪಡೆದೆ. ಓಲಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ.

ವೀಸಾ ಎರಡು ಬೇಕು, ಬ್ರಿಟನ್ನಿನದು ಮತ್ತು ಅಮೆರಿಕದ್ದು. ಹಡಗಿನಲ್ಲಿ ಬಂದವರಿಗೆ ಯಾವ ರಿಯಾಯಿತಿಯೂ ಇಲ್ಲ. ಅಮೆರಿಕದ ವೀಸಾ ಇಲ್ಲದಿದ್ದರೆ ಸೌತಾಂಪ್ಟನ್‌ನಲ್ಲಿಯೇ ಹಡಗು ಹತ್ತಲು ಬಿಡುವುದಿಲ್ಲ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿರುವ ಅಮೆರಿಕದ ಕಾನ್ಸುಲೇಟಿನಲ್ಲಿ ಸಂದರ್ಶನದ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಅದಕ್ಕಾಗಿ ಮೊದಲು ಅದು, ಆಮೇಲೆ ಹಡಗಿನ ಟಿಕೆಟ್, ನಂತರ ಬ್ರಿಟನ್ನಿನ ವೀಸಾ. ಈ ಕ್ರಮ ತಪ್ಪಿಸಬೇಡಿ. ಸಂದರ್ಶನದ ಅಧಿಕಾರಿ "ವಿಮಾನದಲ್ಲಿ ಯಾಕೆ ಹೋಗುವುದಿಲ್ಲ?" ಎಂದು ನನ್ನನ್ನು ಕೇಳಿದರು. ಮೂವತ್ತೊಂದು ವರ್ಷದ ಕತೆಯನ್ನು ಎರಡು ವಾಕ್ಯದಲ್ಲಿ ಹೇಳಿದೆ. ಒಂಟಿಯಾಗಿ ಹೋಗುವವರನ್ನು ಇದನ್ನು ಕೇಳಿಯೇ ಕೇಳುತ್ತಾರೆ. ನಿಜವಾದ ಉತ್ತರವನ್ನು ಚಿಕ್ಕದಾಗಿ ಸಿದ್ಧಮಾಡಿಕೊಳ್ಳಿ. ಮರಳುವ ಟಿಕೆಟಿನ ವಿವರ, ಪಿಂಚಣಿಯ ದಾಖಲೆ ಕೈಯಲ್ಲಿರಲಿ.

ಹಡಗು ಹೊರಡುವ ದಿನವೇ ಲಂಡನ್ನಿಗೆ ಇಳಿಯುವ ಸಾಹಸ ಬೇಡ. ಮುಂಬಯಿಯಿಂದ ವಿಮಾನ ತಡವಾದರೆ ಹಡಗು ನಿಮಗಾಗಿ ಕಾಯುವುದಿಲ್ಲ, ಮುಂದಿನ ನಿಲ್ದಾಣವಂತೂ ನ್ಯೂಯಾರ್ಕ್. ನಾನು ಎರಡು ದಿನ ಮೊದಲೇ ಹೋದೆ. ಹೀಥ್ರೂ ವಿಮಾನ ನಿಲ್ದಾಣದಿಂದ ಸೌತಾಂಪ್ಟನ್ನಿಗೆ ನೇರ ಬಸ್ ಇದೆ. ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದೂಕಾಲು ತಾಸು. ಹಳೆಯ ಕೋಟೆಗೋಡೆಯ ಆ ಊರನ್ನು ನಡೆದೇ ನೋಡಬಹುದು. 1912ರಲ್ಲಿ ಟೈಟಾನಿಕ್ ಹೊರಟದ್ದು ಇಲ್ಲಿಂದಲೇ. ಅದರ ಎಂಜಿನಿಯರುಗಳ ಸ್ಮಾರಕ ಉದ್ಯಾನದ ಅಂಚಿನಲ್ಲಿದೆ. ಅದರ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ.

ಸಾಮಾನಿನ ಬಗ್ಗೆ ಎರಡು ಮಾತು. ಹಡಗಿನಲ್ಲಿ ತೂಕ ಕೇಳುವವರಿಲ್ಲ, ಆದರೆ ನಿಮ್ಮ ಎರಡು ವಿಮಾನಗಳಲ್ಲಿ ಯಾವುದರ ಮಿತಿ ಕಡಿಮೆಯೋ ಅದೇ ನಿಮ್ಮ ಮಿತಿ. ಎತ್ತಿಕೊಡಲು ಜೊತೆಯವರಿಲ್ಲ ಎಂಬುದೂ ನೆನಪಿರಲಿ. ಮೆಟ್ಟಿಲ ಮೇಲೆ ಒಬ್ಬರೇ ಎತ್ತಲಾಗದ ಪೆಟ್ಟಿಗೆಯನ್ನು ಮನೆಯಲ್ಲೇ ಬಿಡಿ. ನಮ್ಮವರು ಎಲ್ಲಿಗೆ ಹೋದರೂ ಒಯ್ಯುವ ಎಲೆಕ್ಟ್ರಿಕ್ ಕುಕ್ಕರ್, ಇಸ್ತ್ರಿಪೆಟ್ಟಿಗೆಗಳಿಗೆ ಹಡಗಿನಲ್ಲಿ ಅವಕಾಶವಿಲ್ಲ. ಬೆಂಕಿಯ ಭಯ ಅವರಿಗೆ ಎಲ್ಲಕ್ಕಿಂತ ದೊಡ್ಡದು. ಚಹಾ ಮಾಡಿಕೊಳ್ಳುವ ವ್ಯವಸ್ಥೆ ಕೋಣೆಯಲ್ಲಿಯೇ ಇತ್ತು, ಬಟ್ಟೆ ಒಗೆಯುವ ಯಂತ್ರಗಳೂ ಉಚಿತವಾಗಿದ್ದವು. ಎರಡು ಸಂಜೆ ವಿಶೇಷ ಉಡುಪಿನ ಭೋಜನ ಇರುತ್ತದೆ. ಹೆಂಗಸರು ಅದಕ್ಕೆ ಹೊಸದಾಗಿ ಏನೂ ಕೊಳ್ಳಬೇಕಿಲ್ಲ, ಒಂದು ರೇಷ್ಮೆ ಸೀರೆ ಸಾಕು. ನನ್ನ ಇಳಕಲ್ ಸೀರೆಯ ಸೆರಗನ್ನು ಮುಟ್ಟಿ ನೋಡಲು ಕೇಳಿದವರೇ ನಾಲ್ಕೈದು ಮಂದಿ, ಮಾತು ಅಲ್ಲಿಂದಲೇ ಆರಂಭವಾಯಿತು.

ಈಗ ಬೇಸರದ ಪ್ರಶ್ನೆ. ಒಂಟಿ ಪ್ರಯಾಣಿಕರಿಗೆ ಹಗಲು ಕಷ್ಟವಲ್ಲ, ರಾತ್ರಿಯ ಊಟ ಕಷ್ಟ. ಹಗಲಿನಲ್ಲಿ ಒಬ್ಬರೇ ಇರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ನೂರಾರು ಜನ ಗುಂಪು ಗುಂಪಾಗಿ ಕೂತ ಭೋಜನಶಾಲೆಯಲ್ಲಿ ಒಂದು ಕುರ್ಚಿಯ ಮೇಜು ಎದೆಗೆ ತಾಗುತ್ತದೆ. ಟಿಕೆಟ್ ಕೊಳ್ಳುವಾಗಲೇ "ಆರು ಅಥವಾ ಎಂಟು ಜನರ ಹಂಚಿಕೆಯ ಮೇಜು, ಗೊತ್ತಾದ ಸಮಯ" ಎಂದು ಬರೆಸಿ. ಹತ್ತಿದ ದಿನ ಮಧ್ಯಾಹ್ನ ಭೋಜನಶಾಲೆಯ ಮುಖ್ಯಸ್ಥರ ಬಳಿ ಹೋಗಿ ಮತ್ತೊಮ್ಮೆ ಖಚಿತಮಾಡಿಕೊಳ್ಳಿ. ನಮ್ಮ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು "ನೀವು ಯಾರ ಕಡೆಯವರು?" ಎಂದು ಕೇಳುತ್ತಾರಲ್ಲ, ಅಲ್ಲಿ "ಹಡಗಿನಲ್ಲಿ ಯಾಕೆ ಹೋಗುತ್ತಿದ್ದೀರಿ?" ಎಂದು ಕೇಳುತ್ತಾರೆ. ನನ್ನ ಮೇಜಿನಲ್ಲಿ ವಿಮಾನ ಹತ್ತಲು ಹೆದರುವ ಒಬ್ಬ ಅಜ್ಜ, ಮಗಳ ಮನೆಗೆ ಹೋಗುತ್ತಿದ್ದ ನಿವೃತ್ತ ದಾದಿ, ನಾಯಿಯನ್ನು ಜೊತೆಗೆ ತಂದ ದಂಪತಿ ಇದ್ದರು. ಹೌದು, ಈ ಹಡಗಿನಲ್ಲಿ ನಾಯಿ, ಬೆಕ್ಕುಗಳಿಗೂ ಗೂಡುಗಳಿವೆ. ನಾಯಿಗಳು ಓಡಾಡುವ ಜಾಗದಲ್ಲಿ ಅವುಗಳ ಅನುಕೂಲಕ್ಕೆಂದು ಬ್ರಿಟನ್ನಿನ ಒಂದು ದೀಪದ ಕಂಬ, ಅಮೆರಿಕದ ಒಂದು ಅಗ್ನಿಶಾಮಕ ನಲ್ಲಿ ನಿಲ್ಲಿಸಿದ್ದಾರೆ! ಏಳನೆಯ ರಾತ್ರಿ ನಾವು ಪರಸ್ಪರ ವಿಳಾಸ ಬರೆದುಕೊಂಡೆವು. ಒಂಟಿ ಪ್ರಯಾಣಿಕರ ಕಾಫಿ ಕೂಟವೂ ಇರುತ್ತದೆ, ದಿನದ ಕಾರ್ಯಕ್ರಮ ಪಟ್ಟಿಯಲ್ಲಿ ಮುದ್ರಿಸಿರುತ್ತಾರೆ. ಮೊದಲನೆಯ ಕೂಟಕ್ಕೇ ಹೋಗಿ. ಮೂರನೆಯ ದಿನದ ಹೊತ್ತಿಗೆ ಗುಂಪುಗಳು ಗಟ್ಟಿಯಾಗಿಬಿಡುತ್ತವೆ.

ಹಗಲುಗಳನ್ನು ಮಾತ್ರ ತುಂಬಿಸಲು ಹೋಗಬೇಡಿ. ಉಪನ್ಯಾಸ, ನೃತ್ಯ ಕಲಿಕೆ, ಹಡಗಿನಲ್ಲಿಯೇ ಇರುವ ತಾರಾಲಯ, ದೊಡ್ಡ ಗ್ರಂಥಾಲಯ ಎಲ್ಲವೂ ಇವೆ. ನಾನು ಎರಡನ್ನು ಮಾತ್ರ ನಿಯಮ ಮಾಡಿಕೊಂಡೆ. ಬೆಳಿಗ್ಗೆ ಏಳನೆಯ ಅಂತಸ್ತಿನ ಹೊರ ಅಂಗಳದಲ್ಲಿ ಮೂರು ಸುತ್ತು, ಅಂದರೆ ಸುಮಾರು 1.8 ಕಿಲೋಮೀಟರ್. ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಪ್ಟನ್ನರ ಪ್ರಕಟಣೆ: ಹಡಗು ಎಲ್ಲಿದೆ, ಗಾಳಿ ಎಷ್ಟು, ಕೆಳಗೆ ನೀರಿನ ಆಳ ಎಷ್ಟು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಇಷ್ಟು ವರ್ಷ ಬೇರೆಯವರ ಸರಕು ಎಲ್ಲಿದೆ ಎಂದು ಬರೆದವಳು, ಈಗ ನಾನೇ ಎಲ್ಲಿದ್ದೇನೆ ಎಂದು ಬರೆಯುವಾಗ ಕೈ ನಡುಗಿತು.

ಪಶ್ಚಿಮಕ್ಕೆ ಹೋಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ತಾಸು ಹಿಂದಿಡುತ್ತಾರೆ, ಐದು ದಿನಗಳಿಗೆ ತಲಾ ಇಪ್ಪತ್ತೈದು ತಾಸು. ನ್ಯೂಯಾರ್ಕಿಗೆ ಇಳಿದಾಗ ವಿಮಾನದ ಆಯಾಸ ಲವಲೇಶವೂ ಇರಲಿಲ್ಲ. ಪೂರ್ವಕ್ಕೆ ಬರುವಾಗ ಇದು ತಿರುಗುಮುರುಗಾಗಿ ದಿನವೇ ಒಂದು ತಾಸು ಕುಗ್ಗುತ್ತದೆ. ಹಾಗಾಗಿ ಹೋಗುವಾಗ ಹಡಗು, ಬರುವಾಗ ವಿಮಾನ ಎಂಬುದು ನನ್ನ ಸಲಹೆ. ಇನ್ಸುಲಿನ್ ಅಥವಾ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವರು ಈ ಹೆಚ್ಚುವರಿ ತಾಸನ್ನು ಹೇಗೆ ಹೊಂದಿಸಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಮನೆಗೆ ಫೋನ್ ಮಾಡುವ ಹೊತ್ತೂ ಜಾರುತ್ತದೆ. ಮುಂಬಯಿಯ ರಾತ್ರಿ ಎಂಟು ಎಂದರೆ ಬೇಸಿಗೆಯಲ್ಲಿ ಸೌತಾಂಪ್ಟನ್ನಿನ ಮಧ್ಯಾಹ್ನ ಮೂರೂವರೆ, ನ್ಯೂಯಾರ್ಕಿನ ಬೆಳಿಗ್ಗೆ ಹತ್ತೂವರೆ. ಡೊಂಬಿವಲಿಯಲ್ಲಿರುವ ತಮ್ಮನ ಮಗನಿಗೆ ದಿನವೂ ಭಾರತದ ಹೊತ್ತಿನ ರಾತ್ರಿ ಎಂಟಕ್ಕೆ ಒಂದು ಸಂದೇಶ ಎಂದು ನಿಗದಿ ಮಾಡಿಕೊಂಡಿದ್ದೆ. ಸಮುದ್ರದಲ್ಲಿ ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲಿಯೇ ಇಡಿ. ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಸೇರಿಕೊಂಡರೆ ಬಿಲ್ಲು ಭಯಂಕರ. ವೈಫೈ ಪ್ಯಾಕೇಜ್ ಕೊಂಡು ಅದರಲ್ಲಿಯೇ ಮಾತನಾಡಿ.

ನಾಲ್ಕನೆಯ ರಾತ್ರಿಯ ವಿಷಯ ಹೇಳಲೇಬೇಕು. ನ್ಯೂಫೌಂಡ್‌ಲ್ಯಾಂಡಿನ ಕಡೆ ಬೆಚ್ಚನೆಯ ಗಲ್ಫ್ ಪ್ರವಾಹವೂ ತಣ್ಣನೆಯ ಲ್ಯಾಬ್ರಡಾರ್ ಪ್ರವಾಹವೂ ಕೂಡುವಲ್ಲಿ ಬೇಸಿಗೆಯಲ್ಲಿ ದಟ್ಟ ಮಂಜು ಕವಿಯುತ್ತದೆ. ಮಂಜಿನಲ್ಲಿ ಹಡಗು ಎರಡು ನಿಮಿಷದೊಳಗೆ ಒಮ್ಮೆ ಕೊಂಬು ಊದಲೇಬೇಕೆಂಬುದು ನಿಯಮ. ನನಗೆ ಗೊತ್ತಿರಲಿಲ್ಲ. ಕಿಟಕಿಯಿಲ್ಲದ ಕೋಣೆ, ಕತ್ತಲೆ, ಮತ್ತೆ ಮತ್ತೆ ಆ ದನಿ. ಏನೋ ಆಗಿದೆ ಎಂದುಕೊಂಡು ಎದ್ದು ಕೂತೆ, ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಒಂಟಿತನ ಎಂದರೇನೆಂದು ಇಡೀ ಪ್ರಯಾಣದಲ್ಲಿ ತಿಳಿದದ್ದು ಆಗ. ಕೊನೆಗೆ ಸ್ವಾಗತ ಮೇಜಿಗೆ ಫೋನ್ ಮಾಡಿದೆ. ಅಲ್ಲಿದ್ದ ಹುಡುಗಿ ಶಾಂತವಾಗಿ ಕಾರಣ ಹೇಳಿದಳು. ಆ ಮೇಜಿನಲ್ಲಿ ಇಡೀ ರಾತ್ರಿ ಜನ ಇರುತ್ತಾರೆ, ಕೇಳಲು ಸಂಕೋಚ ಬೇಡ. ಕೋಣೆಯ ಟಿ.ವಿ.ಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ದೃಶ್ಯ ಬರುತ್ತದೆ, ಒಳಕೋಣೆಯವರಿಗೆ ಅದೇ ಕಿಟಕಿ. ಅಂದಿನಿಂದ ಅದನ್ನು ಹಾಕಿಯೇ ಮಲಗಿದೆ.

ಊಟಕ್ಕೆ ಸಸ್ಯಾಹಾರಿ ಎಂದು ಮೊದಲೇ ತಿಳಿಸಿದ್ದೆ. ಬಡಿಸುವವರಲ್ಲಿ ಗೋವಾದ ಮಡಗಾಂವ್ ಕಡೆಯ ಒಬ್ಬ ಹುಡುಗನಿದ್ದ. ನನ್ನ ಕುಮಟೆ ಕೊಂಕಣಿ ಕಿವಿಗೆ ಬಿದ್ದದ್ದೇ ತಡ, "ಆಂಟಿ, ನಾಳೆಯಿಂದ ನಿಮಗೆ ದಾಲ್ ಇರುತ್ತದೆ" ಎಂದ. ಇದ್ದೇ ಇತ್ತು. ಗೋವಾ, ಮುಂಬಯಿ, ಮಂಗಳೂರಿನವರು ಹಡಗುಗಳಲ್ಲಿ ಎಲ್ಲೆಡೆ ಇದ್ದಾರೆ, ಮಾತನಾಡಿಸಿ. ಎಂಟೊಂಬತ್ತು ತಿಂಗಳು ಮನೆ ಬಿಟ್ಟಿರುವ ಮಕ್ಕಳು ಅವರು. ಒಂದು ಡಬ್ಬಿ ಚಟ್ನಿಪುಡಿ ಒಯ್ಯಿರಿ, ಉಳಿದರೆ ಅಮೆರಿಕದಲ್ಲಿ ಇಳಿಯುವಾಗ ಆಹಾರ ಪದಾರ್ಥವಿದೆ ಎಂದು ಘೋಷಿಸಿ. ಹಣ್ಣನ್ನಂತೂ ಹಡಗಿನಿಂದ ಕೆಳಗೆ ತರಬೇಡಿ.

ವಿಮೆಯಲ್ಲಿ ಕೈ ಬಿಗಿ ಹಿಡಿಯಬೇಡಿ. ಹಡಗಿನಲ್ಲಿ ವೈದ್ಯರಿದ್ದಾರೆ, ಆದರೆ ಪ್ರತಿ ಭೇಟಿಗೂ ಡಾಲರಿನಲ್ಲಿ ಹಣ. ಸಾಗರದ ಮಧ್ಯಕ್ಕೆ ಹೆಲಿಕಾಪ್ಟರ್ ಬರಲಾಗದು, ಹತ್ತಿರದ ಬಂದರೂ ದಿನಗಟ್ಟಲೆ ದೂರವಿರಬಹುದು. ಹಳೆಯ ಕಾಯಿಲೆಗಳನ್ನೂ ತುರ್ತು ಸ್ಥಳಾಂತರವನ್ನೂ ಒಳಗೊಂಡ ಪಾಲಿಸಿಯೇ ಇರಲಿ, ಅದರ ಪ್ರತಿ ಮನೆಯವರ ಬಳಿಯೂ ಇರಲಿ. ಮಾತ್ರೆಗಳು ಕೈಚೀಲದಲ್ಲಿ, ಚೀಟಿಯೊಂದಿಗೆ. ಹೊಟ್ಟೆ ತೊಳಸುವವರು ವಾಂತಿ ಆಗುವ ಮೊದಲೇ ಮಾತ್ರೆ ತೆಗೆದುಕೊಳ್ಳಬೇಕು. ನನಗೆ ಶುಂಠಿ ಸಾಕಾಯಿತು. ಹಡಗಿನ ಖಾತೆಗೆ ಕ್ರೆಡಿಟ್ ಕಾರ್ಡ್ ಕೊಡಿ. ವಿದೇಶಿ ಹಣ ತುಂಬಿಸಿಟ್ಟ ಫಾರೆಕ್ಸ್ ಕಾರ್ಡ್ ಕೊಟ್ಟರೆ ಮುಂಗಡವಾಗಿ ಹಿಡಿದಿಟ್ಟ ಹಣ ದಡದಲ್ಲಿ ಬೇಕಾದಾಗ ಸಿಗದೆ ಹೋಗಬಹುದು.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ. ಅದಕ್ಕೆ ಮೊದಲು ಬೆಚ್ಚನೆಯ ಬಟ್ಟೆಯನ್ನು ತೆಗೆದು ಕೈಚೀಲಕ್ಕೆ ಹಾಕಿ. ನಾನು ಸ್ವೆಟರನ್ನು ಒಳಗೇ ಕಟ್ಟಿಬಿಟ್ಟಿದ್ದೆ. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಮೇಲಿನ ಅಂಗಳಕ್ಕೆ ಹೋಗಬೇಕು. ನ್ಯೂಯಾರ್ಕ್ ಬಂದರಿನ ಬಾಯಿಯಲ್ಲಿರುವ ವೆರಾಝಾನೊ ಸೇತುವೆಯ ಕೆಳಗೆ ಹಡಗು ಹಾಯುವಾಗ ಮೇಲೆ ಉಳಿಯುವುದು ಸುಮಾರು ನಾಲ್ಕು ಮೀಟರ್ ಮಾತ್ರ, ಹೊಗೆಕೊಳವೆಯ ಎತ್ತರವನ್ನು ಇದಕ್ಕಾಗಿಯೇ ತಗ್ಗಿಸಿ ಕಟ್ಟಿದ್ದಾರೆ. ಸೇತುವೆಯ ದೀಪಗಳು ತಲೆಯ ಮೇಲೆ ಜಾರಿ ಹೋದವು, ಆಮೇಲೆ ದೂರದಲ್ಲಿ ಸ್ವಾತಂತ್ರ್ಯದ ಪ್ರತಿಮೆ. ಚಳಿಯಲ್ಲಿ ನಡುಗುತ್ತಿದ್ದ ನನಗೆ ಆ ನಿವೃತ್ತ ದಾದಿ ತನ್ನ ಶಾಲಿನ ಅರ್ಧ ಹೊದಿಸಿದಳು.

ಹಡಗು ನಿಲ್ಲುವುದು ಬ್ರೂಕ್ಲಿನ್ನಿನ ರೆಡ್ ಹುಕ್‌ನಲ್ಲಿ. ವಲಸೆ ತಪಾಸಣೆಯಲ್ಲಿ ನಮ್ಮ ಪಾಸ್‌ಪೋರ್ಟಿನವರ ಸಾಲು ನಿಧಾನ. ಅದೇ ದಿನ ಮರಳುವುದಾದರೆ ವಿಮಾನ ಸಂಜೆಯದೇ ಇರಲಿ. ನಾನು ಸಾಲಿನಲ್ಲಿ ನಿಂತಾಗ ಅಲ್ಲಿ ಬೆಳಿಗ್ಗೆ ಒಂಬತ್ತು, ಮುಂಬಯಿಯಲ್ಲಿ ಸಂಜೆ ಆರೂವರೆ. ಸಾಲಿನಲ್ಲಿ ನಿಂತೇ ತಮ್ಮನ ಮಗನಿಗೆ ತಲುಪಿದೆ ಎಂದು ಬರೆಯುವಷ್ಟು ಪುರುಸೊತ್ತು ಸಿಗುತ್ತದೆ. ತಪಾಸಣೆಯ ಕಟ್ಟೆಯ ಬಳಿ ಬಂದಾಗ ಮಾತ್ರ ಫೋನ್ ಚೀಲದೊಳಗಿರಲಿ.