ಕಣ್ಣು ತಪ್ಪಿಸಿ ಹೋಗಬೇಡಿ, ಹೇಳಿ ಹೋಗಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರದಿಂದ ಬೆಳಗಿನ ರೈಲು ಹಿಡಿದು ಮಂಗಳೂರಿಗೆ ಕೆಲಸಕ್ಕೆ ಹೋಗುವ ತಾಯಂದಿರಿಗೆ ಮನೆಯಲ್ಲಿ ಸಿಗುವ ಬುದ್ಧಿಮಾತು ಹೆಚ್ಚಾಗಿ ಒಂದೇ: "ಮಗು ಕಾಣದ ಹಾಗೆ ಹಿಂಬಾಗಿಲಿನಿಂದ ಹೋಗಿಬಿಡು." ದಯವಿಟ್ಟು ಹಾಗೆ ಮಾಡಬೇಡಿ. ಆ ಹೊತ್ತಿನ ಅಳು ತಪ್ಪೀತು. ಆದರೆ ಅಮ್ಮ ಯಾವಾಗ ಬೇಕಾದರೂ ಮಾಯವಾಗುತ್ತಾಳೆ ಎಂಬ ಭಯ ಮಗುವಿನಲ್ಲಿ ಕೂತುಬಿಡುತ್ತದೆ. ಆಮೇಲೆ ನೀವು ಬಚ್ಚಲಿಗೆ ಹೋದರೂ ಸೆರಗು ಬಿಡದು.

ಸುಮಾರು 8 ತಿಂಗಳಿಗೆ, ಕಣ್ಣಿಗೆ ಕಾಣದ್ದೂ ಎಲ್ಲೋ ಇದೆ ಎಂಬ ತಿಳಿವು ಮೂಡುತ್ತದೆ. ಅಮ್ಮ ಇದ್ದಾಳೆ, ಇಲ್ಲಿ ಇಲ್ಲ, ಯಾವಾಗ ಬರುತ್ತಾಳೋ ಗೊತ್ತಿಲ್ಲ. ಅಳು ಹುಟ್ಟುವುದು ಅಲ್ಲಿಂದ. 10ರಿಂದ 18 ತಿಂಗಳಲ್ಲಿ ಇದು ಜೋರು, 3 ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ತಗ್ಗುತ್ತದೆ. ಇದನ್ನು ಹಠ ಎನ್ನುವುದು ಅನ್ಯಾಯ. ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ಅಭ್ಯಸಿಸಿದ ಮನಶ್ಶಾಸ್ತ್ರಜ್ಞೆ ಮೇರಿ ಏನ್ಸ್‌ವರ್ತ್ ಮುಖ್ಯವಾಗಿ ನೋಡಿದ್ದು, ತಾಯಿ ಮರಳಿ ಬಂದಾಗ ಮಗು ಅವಳ ಬಳಿ ಹೇಗೆ ಸಮಾಧಾನವಾಗುತ್ತದೆ ಎಂಬುದನ್ನು.

ಅಜ್ಜಿಯೋ ಆಯಾನೋ, ನೋಡಿಕೊಳ್ಳುವವರ ಜೊತೆ ಮೊದಲ ಮೂರು-ನಾಲ್ಕು ದಿನ ನೀವೂ ಅರ್ಧ ಗಂಟೆ ಕೂತು ಆಡಿ. ಆಮೇಲೆ 5 ನಿಮಿಷ ಹೊರಗೆ ಹೋಗಿ ಬನ್ನಿ. ಅದು 15, ಮತ್ತೆ ಒಂದು ಗಂಟೆಯಾಗಲಿ. ಬೈರಾಸಿನಲ್ಲಿ ಮುಖ ಮುಚ್ಚಿ ತೆಗೆಯುವ ಆಟವೂ ಇದೇ ಪಾಠ. ಹಸಿವು, ನಿದ್ದೆಯ ಹೊತ್ತಿನಲ್ಲಿ ಹೊರಡಬೇಡಿ. ಹೊರಡುವಾಗ ದಿನಾ ಅದೇ ಮಾತು, ಅದೇ ಮುತ್ತು, ಅರ್ಧ ನಿಮಿಷದೊಳಗೆ. "ಸಂಜೆ ಆರಕ್ಕೆ" ಎಂದರೆ ಎರಡು ವರ್ಷದ ಮಗುವಿಗೆ ಅರ್ಥವಾಗದು. "ನೀನು ಗಂಜಿ ಉಂಡು, ಮಲಗಿ ಎದ್ದು, ಚಾ ಹೊತ್ತು ಕಳೆದ ಮೇಲೆ ಬರುತ್ತೇನೆ" ಎನ್ನಿ. ಹೇಳಿದ ಹೊತ್ತಿಗೇ ಬನ್ನಿ. ಅಳು ಕೇಳಿ ಗೇಟಿನಿಂದ ತಿರುಗಿ ಬಂದರೆ, ಜೋರಾಗಿ ಅತ್ತರೆ ಅಮ್ಮ ಬರುತ್ತಾಳೆ ಎಂದು ಮಗು ತಿಳಿಯುತ್ತದೆ. ಉಳಿದವರು "ಅಳಬೇಡ, ಗುಮ್ಮ ಬರುತ್ತಾನೆ" ಎನ್ನದೆ, "ಅಮ್ಮ ಹೋದದ್ದು ಬೇಜಾರಾಯಿತಲ್ವಾ" ಎಂದು ಎತ್ತಿಕೊಳ್ಳಲಿ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡವೋ ತುಳುವೋ ಕೇಳಿ ಬೆಳೆದ ಮಗುವಿಗೆ ಅಂಗನವಾಡಿಯಲ್ಲಿ ಮಲಯಾಳ ಮಾತ್ರ ಆಡುವ ಟೀಚರ್ ಸಿಗಬಹುದು. ನೀರು, ಹಸಿವು, ಉಚ್ಚೆ, ನಿದ್ದೆಗೆ ಮಗು ಮನೆಯಲ್ಲಿ ಹೇಳುವ ಮಾತುಗಳನ್ನು ಮಲಯಾಳ ಲಿಪಿಯಲ್ಲಿ ಬರೆದು ಕೊಡಿ. ಬೇಕಾದ್ದು ಯಾರಿಗೂ ತಿಳಿಯದಾದಾಗಲೇ ಅಳು ಕೈಮೀರುವುದು.

ಜ್ವರ ಬಂದು ಹೋದ ಮೇಲೆ, ತಂಗಿ ಹುಟ್ಟಿದಾಗ ಅಳು ಮರಳುವುದು ಸಹಜ. ಮತ್ತೆ 5 ನಿಮಿಷದಿಂದ ಶುರುಮಾಡಿ. ಆದರೆ ಯಾರು ಹೋದರೂ ಬಂದರೂ ಮಗು ಗಮನಿಸದಿದ್ದರೆ, 6 ತಿಂಗಳಾದರೂ ನಗದಿದ್ದರೆ, ಒಂದು ವರ್ಷಕ್ಕೆ ಹೆಸರಿಗೆ ತಿರುಗದಿದ್ದರೆ, ಕಲಿತ ಮಾತೋ ನಗುವೋ ನಿಂತುಹೋದರೆ, ಕಾಯಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ.